ಹಳೆಯ ಕೋವಿಯನ್ನು ಕೊಳ್ಳುವ ಮುನ್ನ

ರಾಯಚೂರು ಜಿಲ್ಲೆಯಲ್ಲಿ 'ದಿನ್ನಿ' ಎಂದು ಕೊನೆಗೊಳ್ಳುವ ಊರುಗಳು ಹಲವುಂಟು. ದಿನ್ನಿಯೆಂದರೆ ದಿಬ್ಬ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಸೇರಿದ ವಳಕಮದಿನ್ನಿಯೂ ಅಂತಹ ಹೆಸರನ್ನು ಹೊತ್ತ ಊರು. ಹೆಸರು ದಿಬ್ಬದ್ದಾದರೂ ಈ ಸೀಮೆ ಬಹುಮಟ್ಟಿಗೆ ಬಯಲು. ಜೋಳ, ಸಜ್ಜೆ, ತೊಗರಿ, ಹತ್ತಿ, ಕಾಲುವೆಯ ನೀರು ಹಾಯುವಲ್ಲಿ ಭತ್ತ. ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣೆ ಬೀಸಿ ಹಕ್ಕಿಗಳನ್ನೆಬ್ಬಿಸುವುದು ಇಲ್ಲಿಯ ಹಳೆಯ ವಾಡಿಕೆ. ಆದರೆ ಕತ್ತಲಲ್ಲಿ ಹಿಂಡಾಗಿ ನುಗ್ಗುವ ಕಾಡುಹಂದಿಗೆ ಕವಣೆಯ ಕಲ್ಲು ಲೆಕ್ಕಕ್ಕಿಲ್ಲ. ನಾಲ್ಕು ತಿಂಗಳ ದುಡಿಮೆಯನ್ನು ಅದು ಒಂದೇ ರಾತ್ರಿಯಲ್ಲಿ ಮಣ್ಣುಪಾಲು ಮಾಡಬಲ್ಲದು. ಆದುದರಿಂದ ಬೆಳೆರಕ್ಷಣೆಗೆಂದು ಕೋವಿಯ ಲೈಸೆನ್ಸನ್ನು ಬೇಡುವ ರೈತರು ಈ ಭಾಗದಲ್ಲಿ ಇದ್ದಾರೆ. ಹೊಸ ಕೋವಿಯ ಬೆಲೆ ಕೇಳಿದೊಡನೆ ಅವರಲ್ಲಿ ಬಹುಮಂದಿ ಹಳೆಯದರ ಕಡೆಗೆ ತಿರುಗುವುದು ಸಹಜ.

ಈಚೆಗೆ ನಮ್ಮ ಪರಿಚಯದ ರೈತರೊಬ್ಬರು ಇಂತಹ ಕೊಳ್ಳುವಿಕೆಗೆ ಹೊರಟಾಗ ನಮ್ಮನ್ನೂ ಕರೆದೊಯ್ದರು. ಪಿಯುಸಿ ಓದುತ್ತಿರುವ ಮಗನೂ ಜೊತೆಗಿದ್ದ. ನಳಿಗೆಯ ಮೇಲಿನ ಆಂಗ್ಲ ಅಕ್ಷರಗಳನ್ನೂ ಅಂಕಿಗಳನ್ನೂ ಓದಿ ಹೇಳುವ ಕೆಲಸ ಅವನದು. ನಮ್ಮ ಓದುಗರಲ್ಲಿ ಅನೇಕರಿಗೆ ಇದೇ ಕೆಲಸ ಒದಗೀತು. 21 ವರ್ಷ ತುಂಬದವರು ಕೋವಿಯ ಒಡೆಯರಾಗುವುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯೇ ನಿಷೇಧಿಸುತ್ತದೆ. ಆದರೆ ಮನೆಯಲ್ಲಿ ಓದು ಬಲ್ಲವರು ಇವರೇ ಆಗಿರುವುದರಿಂದ, ಹಿರಿಯರು ಕೊಳ್ಳುವ ವಸ್ತು ಎಂತಹದೆಂಬುದನ್ನು ಇವರು ತಿಳಿದಿರುವುದು ಒಳ್ಳೆಯದು.

ಅಂಗಡಿಯವರು ಎರಡು ಕೋವಿಗಳನ್ನು ಮುಂದಿಟ್ಟರು. ಒಂದು ವಿಲಾಯಿತಿಯ ಜೋಡಿನಳಿಗೆ. ಪಕ್ಕಗಳಲ್ಲಿ ಹೂಬಳ್ಳಿಯ ಕೆತ್ತನೆ, ಹಿಡಿಗೆ ಒಳ್ಳೆಯ ಮೆರುಗು. ಇನ್ನೊಂದು ನಮ್ಮ ದೇಶದಲ್ಲೇ ಆದ ಒಂಟಿನಳಿಗೆ. ಮರ ಅಲ್ಲಲ್ಲಿ ತರಚಿತ್ತು, ನಳಿಗೆಯ ಹೊರಗಿನ ಕಪ್ಪು ಬಣ್ಣ ಕೈಯಾಡಿದಲ್ಲೆಲ್ಲ ಅಳಿಸಿತ್ತು. ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. "ಗೌಡ್ರ, ಒಳಗ ಕಣ್ಣಿಟ್ಟು ನೋಡ್ರಿ, ಕನ್ನಡಿ ಇದ್ದಂಗ ಐತಿ" ಎಂದು ಅಂಗಡಿಯವರು ಜೋಡಿನಳಿಗೆಯನ್ನು ಬೆಳಕಿಗೆ ಹಿಡಿದರು. ನಿಜವೇ, ಒಳಗೆಲ್ಲ ಕನ್ನಡಿಯ ಹೊಳಪು. ನಮಗೆ ಮೊದಲ ಸಂದೇಹ ಬಂದದ್ದು ಆ ಹೊಳಪನ್ನು ಕಂಡೇ. ಅದೇಕೆಂಬುದನ್ನು ಅರಿಯಲು ಕೋವಿಯೆಂದರೇನೆಂಬುದನ್ನು ಮೊದಲು ವಿಚಾರ ಮಾಡಬೇಕು.

ಕೋವಿಯೊಂದು ಉಷ್ಣಯಂತ್ರ. ಮೋಟಾರಿನ ಎಂಜಿನ್ನಿನಲ್ಲಿ ಉರಿದ ಅನಿಲವು ಪಿಸ್ಟನ್ನನ್ನು ನೂಕುವಂತೆಯೇ ಇಲ್ಲಿ ಅದು ಚರೆಗಳ ಗಂಟನ್ನು ನೂಕುತ್ತದೆ. ಎಂಜಿನ್ನಿನ ಪಿಸ್ಟನ್ನು ಮರಳಿ ಬರುತ್ತದೆ, ಕೋವಿಯದು ಬರುವುದಿಲ್ಲ, ಅಷ್ಟೇ. ನಾವು ಸಾಮಾನ್ಯವಾಗಿ ಕಾಣುವ ಹನ್ನೆರಡು ಬೋರಿನ ಕೋವಿಯಲ್ಲಿ ಈ ಅನಿಲದ ಒತ್ತಡವು ಎಷ್ಟರವರೆಗೆ ಏರಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಮಿತಿಯೊಂದುಂಟು: ಸಾಧಾರಣ ತೋಟಾಗಳಿಗೆ 740 ಬಾರ್. ಅಂದರೆ ನಮ್ಮ ಸುತ್ತಲಿನ ವಾಯುವಿನ ಒತ್ತಡದ ಸುಮಾರು 740 ಪಾಲು. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿ ಎರಡು ಬಾರ್ ಆಚೀಚೆ. ತೋಟಾದ ಬುಡವನ್ನು ಈ ಅನಿಲ ಹಿಂದಕ್ಕೆ ಒತ್ತುವ ಬಲವನ್ನು ಲೆಕ್ಕ ಹಾಕಿದರೆ ಎರಡು ಟನ್ನುಗಳಷ್ಟಾಗುತ್ತದೆ. ಇಪ್ಪತ್ತು ಕ್ವಿಂಟಲ್ ಜೋಳದ ಭಾರವು ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದಾದ ಬಿಲ್ಲೆಯ ಮೇಲೆ ಕುಳಿತಂತೆ! ಇದೆಲ್ಲ ನಡೆಯುವುದು ಒಂದು ಸೆಕೆಂಡಿನ ಸಾವಿರದ ಮೂರು ನಾಲ್ಕು ಭಾಗಗಳಲ್ಲಿ, ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಇಷ್ಟು ಒತ್ತಡವನ್ನು ತಡೆಯುವುದು ನಳಿಗೆಯ ಗೋಡೆ. ಗೋಡೆಯ ಲೋಹದ ಮೇಲೆ ಬೀಳುವ ಬಿಗಿತವನ್ನು ಸ್ಥೂಲವಾಗಿ ತಿಳಿಯಲು ಸುಲಭವಾದ ಸೂತ್ರವಿದೆ. ಒತ್ತಡವನ್ನು ಒಳತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸುವುದು. ತೋಟಾ ಕೂರುವ ಮನೆಯ ಒಳತ್ರಿಜ್ಯ ಸುಮಾರು 10.3 ಮಿಲ್ಲಿಮೀಟರು, 740 ಬಾರ್ ಎಂದರೆ ಚದರ ಮಿಲ್ಲಿಮೀಟರಿಗೆ 74 ನ್ಯೂಟನ್. ಗೋಡೆ 4 ಮಿಲ್ಲಿಮೀಟರು ದಪ್ಪವಿದ್ದರೆ ಬಿಗಿತ ಚದರ ಮಿಲ್ಲಿಮೀಟರಿಗೆ 190 ನ್ಯೂಟನ್ ಆಗುತ್ತದೆ. 2 ಮಿಲ್ಲಿಮೀಟರಿಗೆ ಇಳಿದರೆ 380. ಕಟ್ಟಡಗಳಿಗೆ ಬಳಸುವ ಸಾಧಾರಣ ಮೆದು ಉಕ್ಕು 250ರ ಆಸುಪಾಸಿನಲ್ಲಿಯೇ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ನೀರಿನ ಕೊಳಾಯಿಯಿಂದ ಮಾಡಿದ ಕಳ್ಳ ನಾಡಕೋವಿಗಳು ಮಾಡಿದವರ ಕೈಯನ್ನೇ ಏಕೆ ಕೀಳುತ್ತವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವುಗಳ ಮಾತು ಇಲ್ಲಿಗೆ ಸಾಕು. ಅವು ಅಪರಾಧವೂ ಹೌದು, ಆತ್ಮಘಾತವೂ ಹೌದು.

ಈಗ ಆ ಕನ್ನಡಿಯ ಹೊಳಪಿಗೆ ಬರೋಣ. ಹಿಂದಿನ ಕಾಲದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ನಮ್ಮ ಅಡಿಗೆಯುಪ್ಪಿನ ಖಾಸಾ ದಾಯಾದಿ. ಉಪ್ಪಿನಂತೆಯೇ ಅದೂ ಗಾಳಿಯ ತೇವವನ್ನು ಹೀರುತ್ತದೆ, ತೇವವಿದ್ದಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆಯೇ ಹೊರತು ಎಣ್ಣೆಯಲ್ಲಲ್ಲ; ಆದುದರಿಂದ ಅಂದಿನ ಬಲ್ಲವರು ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ಬರಿಯ ಎಣ್ಣೆ ಹಚ್ಚಿಟ್ಟವರ ಕೋವಿಗಳಲ್ಲಿ ತುಕ್ಕಿನ ಕುಳಿಗಳೆದ್ದವು. ಹೀಗೆ ಕುಳಿಬಿದ್ದ ನಳಿಗೆಯನ್ನು ಮಾರುವವನು ಏನು ಮಾಡುತ್ತಾನೆ? ಒಳಗೆ ಉಜ್ಜಿಸಿ, ಕುಳಿಯ ತಳದವರೆಗಿನ ಲೋಹವನ್ನೆಲ್ಲ ತೆಗೆಸಿ, ನಯಮಾಡಿಸುತ್ತಾನೆ. ಕುಳಿ ಮಾಯವಾಗುತ್ತದೆ, ಹೊಳಪು ಬರುತ್ತದೆ, ಗೋಡೆ ತೆಳುವಾಗುತ್ತದೆ. ಹೊಳೆಯುವ ನಳಿಗೆಯೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಚೆನ್ನಾಗಿ ಇಟ್ಟುಕೊಂಡ ಕೋವಿಯೂ ಹೊಳೆಯುತ್ತದೆ. ಆದರೆ ತೊಂಬತ್ತು ವರ್ಷದ ಕೋವಿಯೊಂದು ನಿನ್ನೆ ಹುಟ್ಟಿದಂತೆ ಹೊಳೆದರೆ ಆ ಹೊಳಪು ಎಲ್ಲಿಂದ ಬಂತೆಂದು ಕೇಳುವುದು ಅವಶ್ಯಕ.

ಕೇಳಬೇಕಾದುದು ಅಂಗಡಿಯವರನ್ನಲ್ಲ, ಕೋವಿಯನ್ನೇ. ಇಲ್ಲಿ 'ಬೋರ್' ಎಂಬ ಅಳತೆಯ ಅರ್ಥ ನಮಗೆ ನೆರವಾಗುತ್ತದೆ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಅವುಗಳಲ್ಲೊಂದು ಸರಿಯಾಗಿ ಹಿಡಿಯುವ ನಳಿಗೆಯೇ ಹನ್ನೆರಡು ಬೋರಿನದು. ಓದುಗರು ತಾವೇ ಲೆಕ್ಕ ಮಾಡಿ ನೋಡಬಹುದು. ಪೌಂಡೆಂದರೆ 453.6 ಗ್ರಾಂ, ಅದರ ಹನ್ನೆರಡನೆಯ ಒಂದು ಪಾಲು 37.8 ಗ್ರಾಂ. ಸೀಸದ ಸಾಂದ್ರತೆ 11.34, ಆದುದರಿಂದ ಗುಂಡಿನ ಘನಫಲ 3.33 ಘನ ಸೆಂಟಿಮೀಟರು. ಗೋಳದ ಸೂತ್ರದಿಂದ ವ್ಯಾಸ 1.85 ಸೆಂಟಿಮೀಟರು, ಅಂದರೆ 18.5 ಮಿಲ್ಲಿಮೀಟರು ಬರುತ್ತದೆ. ಪೌಂಡಿಗೆ ಹದಿನಾರು ಗುಂಡಾದರೆ 16.8, ಇಪ್ಪತ್ತಾದರೆ 15.6. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದಾಗುವ ಒಗಟು ಇದರಿಂದ ಬಿಡಿಸಿಹೋಗುತ್ತದೆ.

ವಿಲಾಯಿತಿಯಲ್ಲಿ ಪ್ರತಿಯೊಂದು ಕೋವಿಯನ್ನೂ ಮಾರುವ ಮೊದಲು ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ, ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹೊಡೆದು ಪರೀಕ್ಷಿಸುವುದು ಕಾನೂನು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ಇದೇ ಕೆಲಸ ಮಾಡುತ್ತಿದೆ. ಗೆದ್ದ ಕೋವಿಯ ನಳಿಗೆಯ ಬುಡದಲ್ಲಿ, ಮಡಿಸಿ ತೆರೆದಾಗ ಮಾತ್ರ ಕಾಣುವ ಅಡಿಭಾಗದಲ್ಲಿ, ಪರೀಕ್ಷಾಮುದ್ರೆಯನ್ನೂ ಒಳವ್ಯಾಸವನ್ನೂ ಒತ್ತುತ್ತಾರೆ. ನಮ್ಮ ಜೊತೆಗಿದ್ದ ಹುಡುಗ ಜೋಡಿನಳಿಗೆಯ ಮೇಲೆ ಓದಿದ ಅಂಕಿ ದಶಮಾಂಶ 729. ಅಂಗುಲದಲ್ಲಿ ಅದು ನಾವು ಈಗತಾನೆ ಲೆಕ್ಕ ಮಾಡಿದ 18.5 ಮಿಲ್ಲಿಮೀಟರೇ. ಪರೀಕ್ಷೆಯ ನಂತರ ಈ ವ್ಯಾಸವು ಒಂದು ಅಂಗುಲದ ನೂರನೆಯ ಒಂದು ಭಾಗ, ಅಂದರೆ ಕಾಲು ಮಿಲ್ಲಿಮೀಟರು ಹಿಗ್ಗಿದರೆ ಹಳೆಯ ಮುದ್ರೆ ಅಲ್ಲಿ ಲೆಕ್ಕಕ್ಕೆ ಬಾರದು. ಕೋವಿ ರಿಪೇರಿಯವರಲ್ಲಿ ಒಳವ್ಯಾಸ ಅಳೆಯುವ ಸಲಕರಣೆ ಇರುತ್ತದೆ. ಅಳೆಸಿ ನೋಡಿದಾಗ ಬಲನಳಿಗೆ ನಡುಭಾಗದಲ್ಲಿ ಕಾಲು ಮಿಲ್ಲಿಮೀಟರಿಗಿಂತ ಹೆಚ್ಚೇ ಹಿಗ್ಗಿತ್ತು. ನಳಿಗೆ ನಡುವಿನಿಂದ ಮುಂದಕ್ಕೆ ಹೇಗೂ ತೆಳ್ಳಗೆ. ಒಳ್ಳೆಯ ಕೋವಿಯಲ್ಲೂ ಅತಿ ತೆಳುವಾದ ಜಾಗದಲ್ಲಿ ಒಂದು ಮಿಲ್ಲಿಮೀಟರಿಗಿಂತ ಕಡಿಮೆ ಇರಬಹುದು, ಅರ್ಧ ಮಿಲ್ಲಿಮೀಟರಿಗಿಂತ ಇಳಿದದ್ದನ್ನು ಬಲ್ಲವರು ಮುಟ್ಟುವುದಿಲ್ಲ. ಅಲ್ಲಿಂದ ಕಾಲು ಭಾಗ ಹೋದರೆ ಉಳಿಯುವುದೆಷ್ಟು?

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಹಳೆಯ ವಿಲಾಯಿತಿ ಕೋವಿಗಳಲ್ಲಿ ತೋಟಾದ ಮನೆ ಎರಡೂವರೆ ಅಂಗುಲ ಉದ್ದ. ತೋಟಾದ ಪೆಟ್ಟಿಗೆಯ ಮೇಲೆ ಇದನ್ನು 65 ಮಿಲ್ಲಿಮೀಟರು ಎಂದು ಬರೆಯುತ್ತಾರೆ. ಈಗಿನ ಬಹುಪಾಲು ಕೋವಿಗಳದು 70. ತೋಟಾದ ಉದ್ದವೆಂದು ಹೇಳುವುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದವನ್ನು. ಹೊಡೆಯದ ತೋಟಾದ ಬಾಯಿ ಮಡಿಚಿರುವುದರಿಂದ 70ರ ತೋಟಾ ಸಹ 60ರ ಆಸುಪಾಸಿನಲ್ಲಿದ್ದು, 65ರ ಮನೆಯಲ್ಲಿ ಸಲೀಸಾಗಿ ಕೂರುತ್ತದೆ. ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಎಲ್ಲವೂ ಸರಿಯಿದೆಯೆಂದೇ ಕೊಂಡವನ ಭಾವನೆ. ಹೊಡೆದಾಗ ಬಿಚ್ಚಿಕೊಳ್ಳುವ ಬಾಯಿಗೆ ಮುಂದೆ ಜಾಗವಿರುವುದಿಲ್ಲ. ಅದು ಕಿರಿದಾಗುವ ನಳಿಗೆಯೊಳಕ್ಕೆ ಚಾಚಿ ದಾರಿಯನ್ನು ಇಕ್ಕಟ್ಟು ಮಾಡುತ್ತದೆ, ಒತ್ತಡ ಏರುತ್ತದೆ. ಮೊದಲ ಹೊಡೆತಕ್ಕೇ ನಳಿಗೆ ಸೀಳಬೇಕೆಂದಿಲ್ಲ. ಹತ್ತು ಹೊಡೆತ ತಡೆದು ಹನ್ನೊಂದನೆಯದಕ್ಕೆ ಬಿಟ್ಟುಕೊಡಬಹುದು. ಮೊದಲ ಹತ್ತು ಬಾರಿ ಒದೆತ ತುಸು ಜೋರಾಯಿತೆಂದಷ್ಟೇ ಹೊಡೆದವನಿಗೆ ತೋರೀತು. 'ಹಿಡಿಯುತ್ತದೆ, ಆದುದರಿಂದ ಹೊಂದುತ್ತದೆ' ಎಂಬ ತರ್ಕ ಸಾಮಾನ್ಯವಾಗಿ ಒಳ್ಳೆಯದೇ. ಇಲ್ಲಿ ಮಾತ್ರ ಅದು ಸುಳ್ಳು.

ಮದ್ದಿನ ವಿಷಯವೂ ಇದೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಅವನ ಕಡೆ ಪೋರ್ಚುಗೀಸ್ ಬಂದೂಕುಗಾರರೂ ಇದ್ದರೆಂದು ನೂನಿಜ್ ಬರೆದಿಟ್ಟಿದ್ದಾನೆ. ಆ ಬಂದೂಕುಗಳಿಗೆ ಹಾಕುತ್ತಿದ್ದುದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಕರಿಮದ್ದು. ಅಲ್ಲಿಂದ ಮುಂದೆ ಮೂರೂವರೆ ಶತಮಾನ ಜಗತ್ತಿಗೆಲ್ಲ ಅದೊಂದೇ ಮದ್ದಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಜ್ಞನು ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಕೋವಿಗಳು ಎರಡು ಜಾತಿಯಾದವು. ಕರಿಮದ್ದಿಗೆಂದೇ ಪರೀಕ್ಷೆಯಾದ ನಳಿಗೆಗೆ ಇಂದಿನ ತೋಟಾ ಹಾಕತಕ್ಕದ್ದಲ್ಲ. ಹೊಸ ಮದ್ದಿಗೆ ಪರೀಕ್ಷೆಯಾದ ವಿಲಾಯಿತಿ ಕೋವಿಯಲ್ಲಿ 'ನೈಟ್ರೋ' ಎಂಬ ಮಾತಾಗಲಿ ಅದರ ಸಂಕೇತಾಕ್ಷರವಾಗಲಿ ಇರಬೇಕು.

ಕೆಲವು ಹಳೆಯ ನಳಿಗೆಗಳ ಮೇಲೆ ಹಾವಿನ ಪೊರೆಯಂತಹ ಚೆಲುವಾದ ಸುರುಳಿ ಗೆರೆಗಳಿರುತ್ತವೆ. ಇವನ್ನು ಡಮಾಸ್ಕಸ್ ನಳಿಗೆಯೆನ್ನುತ್ತಾರೆ. ಡಮಾಸ್ಕಸ್ ಕತ್ತಿಗಳ ಉಕ್ಕು ನಮ್ಮ ದಕ್ಷಿಣದಿಂದ ಹೋದದ್ದೆಂಬ ಹೆಮ್ಮೆ ನಮಗುಂಟು; ಯುರೋಪಿನವರು ಅದಕ್ಕಿಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಪದದ ಅಪಭ್ರಂಶವೇ ಎಂದು ವಿದ್ವಾಂಸರಲ್ಲಿ ಅನೇಕರು ಎಣಿಸುತ್ತಾರೆ. ಆದರೆ ಈ ನಳಿಗೆಗಳಿಗೂ ಆ ಉಕ್ಕಿಗೂ ಹೆಸರಿನದಲ್ಲದೆ ಬೇರೆ ನಂಟಿಲ್ಲ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಕೋಲಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದ ಕೊಳವೆಗಳಿವು. ಒಂದು ನಳಿಗೆಯಲ್ಲಿ ಗಜಗಟ್ಟಲೆ ಬೆಸುಗೆ. ನೂರು ವರ್ಷಗಳ ಮೇಲೆ ಯಾವ ಬೆಸುಗೆಯೊಳಗೆ ತುಕ್ಕು ಹೊಕ್ಕಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಗೋಡೆಗೆ ತೂಗುಹಾಕಲು ಇದಕ್ಕಿಂತ ಒಳ್ಳೆಯದಿಲ್ಲ, ಹೊಲಕ್ಕೊಯ್ಯಲು ಬೇಡ.

ಅಂಗಡಿಯಲ್ಲೇ, ಲೈಸೆನ್ಸುದಾರರ ಸಮಕ್ಷಮದಲ್ಲಿ, ಮಾಡಿ ನೋಡಬಹುದಾದ ಪರೀಕ್ಷೆಗಳು ಕೆಲವಿವೆ. ಎಲ್ಲಕ್ಕೂ ಮೊದಲು ಕೋವಿಯನ್ನು ತೆರೆದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡತಕ್ಕದ್ದು. ಮಾರುವವರು ಈಗತಾನೆ ನೋಡಿದ್ದರೂ ನಾವು ಮತ್ತೆ ನೋಡತಕ್ಕದ್ದು. ಆಮೇಲೆ ನಳಿಗೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೋಡೆಯಲ್ಲಿ ಬೆಳಕಿನ ಬಳೆಗಳು ಒಂದರೊಳಗೊಂದು ಕಾಣುತ್ತವೆ. ಬಳೆ ಎಲ್ಲಿಯಾದರೂ ಸೊಟ್ಟಗಾದರೆ ಅಲ್ಲಿ ತಗ್ಗೋ ಉಬ್ಬೋ ಇದೆಯೆಂದರ್ಥ. ಉಬ್ಬಿದ್ದರೆ ಆ ಕೋವಿಯ ಮಾತೇ ಬೇಡ. ಲೋಹ ಒಮ್ಮೆ ಸೋತಿದೆ. ಜೋಡಿನಳಿಗೆಯಾದರೆ ದಾರದಲ್ಲಿ ತೂಗಿಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ತಾಯಂದಿರು ಬಡಿದು ನೋಡುವುದಿಲ್ಲವೆ? ಅದೇ ತತ್ತ್ವ. ಬೆಸುಗೆ ಗಟ್ಟಿಯಿದ್ದರೆ ಗಂಟೆಯ ನಾದ. ಎರಡು ನಳಿಗೆಗಳ ನಡುವಿನ ಪಟ್ಟಿ ಎಲ್ಲಿಯಾದರೂ ಬಿಟ್ಟಿದ್ದರೆ ಒಡಕು ದನಿ. ಮತ್ತೆ ಜೋಡಿಸಿ, ಮುಂಗೈ ಹಿಡಿಯುವ ಮರವನ್ನು ತೆಗೆದಿಟ್ಟು, ಮೆಲ್ಲಗೆ ಅಲುಗಿಸಿ ನೋಡಬೇಕು. ನಳಿಗೆ ತನ್ನ ಕೀಲಿನಲ್ಲಿ ಕಟಕಟನೆ ಆಡಿದರೆ, ಅಥವಾ ಮುಚ್ಚಿದ ಬುಡದ ಸಂದಿನಲ್ಲಿ ಬೆಳಕು ಕಂಡರೆ, ನಾವು ಮೇಲೆ ಹೇಳಿದ ಎರಡು ಟನ್ನುಗಳನ್ನು ನೆನೆಯುವುದು. ಟ್ರಿಗರಿನ ಕೊಕ್ಕೆ ಸವೆದಿದೆಯೆ, ಕೆಳಗೆ ಬಿದ್ದರೆ ಕೋವಿ ತಾನಾಗಿ ಹಾರೀತೆ ಎಂಬುದನ್ನು ರಿಪೇರಿಯವರಿಂದಲೇ ಪರೀಕ್ಷಿಸುವುದು ಲೇಸು.

ಉದ್ದ ನಳಿಗೆ ದೂರ ಹೊಡೆಯುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಕರಿಮದ್ದಿನ ಕಾಲಕ್ಕೆ ಅದರಲ್ಲಿ ಸತ್ಯವಿತ್ತು. ಈಗಿನ ಮದ್ದು ನಳಿಗೆಯ ಮೊದಲ ಭಾಗದಲ್ಲೇ ಉರಿದು ಮುಗಿಯುವುದರಿಂದ ಎರಡಂಗುಲದ ವ್ಯತ್ಯಾಸ ಗಣನೀಯವಲ್ಲ. ತೂಕ ಮಾತ್ರ ಗಣನೀಯ. 32 ಗ್ರಾಂ ಚರೆ ಸೆಕೆಂಡಿಗೆ 370 ಮೀಟರು ವೇಗದಲ್ಲಿ ಹೊರಟರೆ ಸಂವೇಗದ ನಿಯಮದಂತೆ 3 ಕಿಲೋ ಕೋವಿ ಸೆಕೆಂಡಿಗೆ ಸುಮಾರು 4 ಮೀಟರು ವೇಗದಲ್ಲಿ ಹಿಂದಕ್ಕೆ ಬರುತ್ತದೆ, ಎರಡೂವರೆ ಕಿಲೋದ್ದು 4.7 ಮೀಟರಿನಲ್ಲಿ. ಒದೆತದ ಶಕ್ತಿಯನ್ನು ಲೆಕ್ಕ ಮಾಡಿದರೆ ಮೊದಲನೆಯದಕ್ಕೆ 23 ಜೂಲ್, ಎರಡನೆಯದಕ್ಕೆ 28. ಹಗುರ ಕೋವಿ ಹೊರಲು ಹಿತ, ಹೆಗಲಿಗೆ ಅಹಿತ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ಲೈಸೆನ್ಸಿಲ್ಲದೆ ಕೊಳ್ಳುವಂತಿಲ್ಲ, ಅದಕ್ಕೆ ಪೊಲೀಸರ ವಿಚಾರಣೆಯೂ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಬೇಕು. ಅಂಗಡಿಯಿಂದಲ್ಲದೆ ಲೈಸೆನ್ಸುಳ್ಳ ಇನ್ನೊಬ್ಬರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗಾಗಲಿ ಹತ್ತಿರದ ಠಾಣೆಗಾಗಲಿ ಬರೆದು ತಿಳಿಸಿ 45 ದಿನ ಕಾಯಬೇಕು. ಕೋವಿಯ ಮೇಲಿನ ನಂಬರು ಕಾಗದದಲ್ಲಿರುವುದಕ್ಕೆ ಅಕ್ಷರಶಃ ತಾಳೆಯಾಗಬೇಕು. ನಂಬರನ್ನು ಉಜ್ಜಿದ ಗುರುತಿದ್ದರೆ ಅಂಗಡಿಯಿಂದ ಹೊರಬರುವುದೇ ಸರಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಕೈಲ್‌ಪೊಳ್ದು ಹಬ್ಬಕ್ಕೆ ಪೂಜೆಗೊಳ್ಳುವ ಅಜ್ಜನ ಕೋವಿಗಳು ಅಲ್ಲಿ ಮನೆಮನೆಯಲ್ಲಿವೆ. ಕಾಯಿದೆ ವಿನಾಯಿತಿ ಕೊಟ್ಟರೂ ಉಪ್ಪೂ ತೇವವೂ ಕೊಡಲಾರವು. ಮಳೆಯ ಆ ನಾಡಿನಲ್ಲಂತೂ ಅಜ್ಜನ ಕೋವಿಯನ್ನು ಮೇಲಿನ ಪರೀಕ್ಷೆಗಳಿಗೆ ಒಳಪಡಿಸಿಯೇ ಕೈಗೆತ್ತಿಕೊಳ್ಳಬೇಕು. ಇನ್ನು, ಕೋವಿಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಹಂದಿಯನ್ನು ಸಹ ಕೊಲ್ಲುವಂತಿಲ್ಲ. ಈ ಬಯಲಿನ ಚಿಗರಿಯಂತೂ ಅತಿ ಕಟ್ಟುನಿಟ್ಟಿನ ರಕ್ಷಣೆಗೊಳಪಟ್ಟ ಪ್ರಾಣಿ.

ಕೊನೆಗೆ ರೈತರು ಕೊಂಡದ್ದು ತರಚಿದ ಮರದ ಒಂಟಿನಳಿಗೆಯನ್ನೇ. ಅದರ ಒಳಗೋಡೆಯಲ್ಲಿ ಬಾಯಿಯ ಹತ್ತಿರ ಒಂದೆರಡು ಸಣ್ಣ ಚುಕ್ಕೆಗಳಿದ್ದವು. ಆದರೆ ಒಳವ್ಯಾಸ ಸರಿಯಾಗಿತ್ತು, ಮನೆಯ ಉದ್ದ 70 ಎಂದು ಒತ್ತಿತ್ತು, ಕೀಲು ಅಲುಗುತ್ತಿರಲಿಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸಬೇಕಾಗಿ ಬಂದರೆ ಒಳಗೂ ಹೊರಗೂ ಚೆನ್ನಾಗಿ ಎಣ್ಣೆ ಸವರಿ, ರಸೀದಿ ಪಡೆದು ಬರಬೇಕೆಂದು ಹೇಳಿದೆವು; ಅಲ್ಲಿ ಅದು ವಾರಗಟ್ಟಲೆ ಇರುವುದುಂಟು.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ಚರೆ ಎಷ್ಟು ದೂರ ಹೋಗುತ್ತದೆಂದು ಕೇಳಿದ. ಅದಕ್ಕೂ ಒಂದು ಸ್ಥೂಲ ನಿಯಮವುಂಟು: ಚರೆಯ ವ್ಯಾಸದ ಒಂದೊಂದು ಮಿಲ್ಲಿಮೀಟರಿಗೂ ಸುಮಾರು 80 ಮೀಟರು. ಹಕ್ಕಿಗೆ ಹಾಕುವ 2.6 ಮಿಲ್ಲಿಮೀಟರಿನ ಆರನೆಯ ನಂಬರಿನ ಚರೆ 200 ಮೀಟರು ದಾಟಿ ಬೀಳುತ್ತದೆ. ದೊಡ್ಡ ಪ್ರಾಣಿಗೆ ಹಾಕುವ 8.4 ಮಿಲ್ಲಿಮೀಟರಿನ ಎಸ್‌ಜಿ ಚರೆ 650 ಮೀಟರಿನಾಚೆಗೂ ಹೋದೀತು. ಹುಡುಗ ಸ್ವಲ್ಪ ಹೊತ್ತು ಬೆರಳುಗಳ ಮೇಲೆ ಏನನ್ನೋ ಎಣಿಸಿ, "ಸರ, ನಮ್ಮ ಹೊಲದ ಆ ಬದು ನೂರೈವತ್ತು ಮೀಟರನೂ ಇಲ್ಲ. ಅದರಾಚಿ ನಮ್ಮ ಕಾಕಾನ ಮಂಚಿಕಿ ಐತಿ, ರಾತ್ರಿ ಅಲ್ಲೇ ಮಲಗ್ತಾನ" ಎಂದು ತಂದೆಯ ಕಡೆ ನೋಡಿದ. ತಂದೆಯವರು ಬಟ್ಟೆ ಸುತ್ತಿದ ಕೋವಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, ಊರು ಸೇರಿದೊಡನೆ ತಮ್ಮನನ್ನು ಕಂಡು ಮಾತಾಡುವುದಾಗಿ ಹೇಳಿದರು.